ಹತ್ತನೆಯ ಬೆರಳು

"ಹತ್ತು ಅಂದ್ರೆ ಹತ್ತು! ಒಂಬತ್ತು ಇಟ್ಕೊಂಡು ಇಲ್ಲೇನು ಕಿಸಿಯೋಕೆ ಬಂದೆ?"

ಷೆರಿಫ್ ಕಚೇರಿಯ ನೆಲಮಾಳಿಗೆಯಲ್ಲಿ ಡೆಪ್ಯುಟಿ ಸ್ಟಬ್ಸ್ ಹೀಗೆ ಗದರಿದರೂ ವರ್ನಾ ತನ್ನ ಎಡಗೈಯನ್ನು ಗಾಜಿನ ಮೇಲಿಂದ ತೆಗೆಯಲಿಲ್ಲ. ತೋರುಬೆರಳು ಇರಬೇಕಾದ ಕಡೆ ಬಟ್ಟೆ ಸುತ್ತಿದ ಮೋಟು ಇತ್ತು. ಬೆರಳಚ್ಚಿನ ಯಂತ್ರ ಕೆಂಪು ದೀಪ ಮಿಟುಕಿಸುತ್ತಲೇ ಇತ್ತು.

"ಗರಗಸ ತಿಂದ್ಬಿಡ್ತು ಸಾಹೇಬ್ರೇ, ಮೂರು ವಾರ ಆಯ್ತು. ದನ ಕಡಿಯೋ ಕಾರ್ಖಾನೇಲಿ ಮಿಷಿನ್ ಓಡ್ತಾನೇ ಇರುತ್ತೆ. ನಮ್ ಬೆರಳು ಅಡ್ಡ ಬಂತು ಅಂತ ನಿಲ್ಲುತ್ತಾ?"

"ಅದು ನಿನ್ ಹಣೆಬರಹ. ನನ್ ಕಂಪ್ಯೂಟರ್‌ಗೆ ಹತ್ತು ಬೇಕು."

ಹದಿನೈದು ವರ್ಷದ ಹಿಂದೆ ಅವಳ ಜೊತೆಗಿದ್ದ ಗಂಡಸು ಅವಳ ಕಾರಿನ ಸೀಟಿನಡಿ ಒಂದು ಚಿಟಿಕೆ ಮಾದಕ ಪುಡಿ ಬಚ್ಚಿಟ್ಟಿದ್ದ. ಅವನು ರಾಜ್ಯ ಬಿಟ್ಟು ಓಡಿದ. ಕಾರು ವರ್ನಾಳದು, ಹಾಗಾಗಿ ಅಪರಾಧಿಗಳ ಪಟ್ಟಿಗೆ ಬಿದ್ದದ್ದೂ ಅವಳದೇ ಹೆಸರು. ಅಂದಿನಿಂದ ಮೂರು ತಿಂಗಳಿಗೊಮ್ಮೆ ಇಲ್ಲಿಗೆ ಬಂದು, ಇಪ್ಪತ್ತು ಡಾಲರ್ ಕಟ್ಟಿ, ಫೋಟೋ ತೆಗೆಸಿಕೊಂಡು, ಹತ್ತೂ ಬೆರಳು ಒತ್ತಿ, ತಾನು ಅಪರಾಧಿಯೆಂದು ತಾನೇ ಬರೆಸಿ ಹೋಗಬೇಕು. ಮಾನ ಕಳೆದುಕೊಳ್ಳಲು ಶುಲ್ಕ ಕಟ್ಟುವ ಈ ಭಾಗ್ಯ ಊರಿನ ದೊಡ್ಡವರ ಮನೆಗಳಿಗೆ ಇದುವರೆಗೂ ಬಂದಿರಲಿಲ್ಲ.

ಇಂದು ಅರವತ್ತನೆಯ ಸಲ, ಕೊನೆಯ ಸಲ. ಇವತ್ತು ದಾಖಲಾದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಶಾಲೆಯ ಅಡುಗೆಮನೆಯಲ್ಲಿ ಒಂದು ಕೆಲಸ ಅವಳಿಗಾಗಿ ಕಾದಿತ್ತು. ಪಟ್ಟಿಯಲ್ಲಿರುವವರನ್ನು ಅಲ್ಲಿ ಒಳಗೇ ಬಿಡುವುದಿಲ್ಲ. ಈ ತಿಂಗಳಲ್ಲಿ ಕಚೇರಿ ತೆರೆದಿರುವ ಕೊನೆಯ ದಿನ ಇದೇ. ಇವತ್ತು ತಪ್ಪಿದರೆ ಹೊಸ ಅಪರಾಧ, ಜೈಲು, ಮತ್ತೆ ಮೊದಲಿಂದ ಹದಿನೈದು ವರ್ಷ.

"ಬೆರಳಿಲ್ಲ ಅಂತ ಒತ್ತೋಕೆ ಒಂದು ಗುಂಡಿ ಇರ್ಬೇಕಲ್ಲ ಸಾಹೇಬ್ರೇ?"

"ಇದೆ. ಪಾಸ್‌ವರ್ಡ್ ರಾಜಧಾನೀಲಿರೋ ಅಧಿಕಾರಿ ಹತ್ರ ಇದೆ. ಅವ್ರು ಮೀನು ಹಿಡಿಯೋಕೆ ಹೋಗಿದಾರೆ. ಸೋಮವಾರ ಬರ್ತಾರೆ."

"ಸೋಮವಾರಕ್ಕೆ ತಿಂಗ್ಳು ತಿರುಗಿರುತ್ತೆ!"

"ಹೂಂ. ಆಗ ನೀನು ತಪ್ಪಿಸ್ಕೊಂಡೋಳು. ವಾರಂಟ್ ನಾನೇ ಬರೀತೀನಿ."

"ನನ್ ಇಪ್ಪತ್ತು ಡಾಲರು?"

"ಜಮಾ ಆಗೋಯ್ತು. ವಾಪಸ್ ಬರಲ್ಲ."

"ದುಡ್ಡು ನುಂಗೋಕೆ ನಿಮ್ ಮಿಷಿನ್ ಯಾವ ಬೆರಳೂ ಕೇಳ್ಲಿಲ್ಲ ನೋಡಿ."

ಹಿಂದೆ ಸಾಲಿನಲ್ಲಿ ನಿಂತಿದ್ದ ಮುದುಕ ಹಾಯ್ಟ್ ಕಿಸಕ್ಕನೆ ನಕ್ಕ. ಅವನೂ ಪಟ್ಟಿಯವನೇ. "ಅಕ್ಕಾ, ನಂದೊಂದು ಬೆರಳು ತಗೋ. ಮೂಗಲ್ಲಿಡೋದು ಬಿಟ್ರೆ ಬೇರೆ ಕೆಲ್ಸ ಇಲ್ಲ ಅದಕ್ಕೆ."

"ಮುಚ್ಕೊಂಡು ನಿಂತ್ಕೊಳೋ ಮುದಿಯಾ!" ಎಂದ ಸ್ಟಬ್ಸ್, ವರ್ನಾಳ ಕಡೆ ತಿರುಗಿ ಹಲ್ಲು ಬಿಟ್ಟ. "ಹೋಗು, ಎಲ್ಲಿ ಬಿಸಾಕಿದ್ಯೋ ಹುಡುಕ್ಕೊಂಡು ಬಾ. ಐದು ಗಂಟೆವರ್ಗೂ ಇಲ್ಲೇ ಇರ್ತೀನಿ."

ವರ್ನಾ ಮೆಟ್ಟಿಲು ಹತ್ತಿ ಮನೆಯ ದಾರಿ ಹಿಡಿದಳು.

ಅವಳು ಬೆರಳನ್ನು ಬಿಸಾಡಿರಲಿಲ್ಲ. ತುಂಡಾದ ಅಂಗವನ್ನು ನೆಟ್ಟಗೆ ಮಲಗಿಸಿ ಹೂಳದಿದ್ದರೆ ಸಾಯುವತನಕ ಆ ಜಾಗ ನೋಯುತ್ತದೆಂದು ಅವಳ ಕಡೆಯವರು ನಂಬುತ್ತಾರೆ. ಅದಕ್ಕೇ ಆಸ್ಪತ್ರೆಯವರ ಜೊತೆ ಜಗಳಾಡಿ ಅದನ್ನು ಇಸಿದುಕೊಂಡು ಬಂದಿದ್ದಳು. ಆದರೆ ಜನವರಿಯ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಗುದ್ದಲಿಯೇ ಇಳಿಯಲಿಲ್ಲ. ನೆಲ ಕರಗುವವರೆಗೆ ಇರಲಿ ಎಂದು ಅವ್ವನ ನಶ್ಯದ ಡಬ್ಬಿಯಲ್ಲಿ ಹಾಕಿ, ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಇಟ್ಟಿದ್ದಳು.

ಡಬ್ಬಿಯನ್ನು ಕೋಟಿನ ಜೇಬಿಗೆ ಹಾಕಿಕೊಳ್ಳುವಾಗ ಅವಳಿಗೆ ಅಳು ಬಂತು, ಹೇಸಿಗೆಯೂ ಆಯಿತು. ವಾಪಸ್ ಬರುವ ದಾರಿಯುದ್ದಕ್ಕೂ ಸಿಟ್ಟೊಂದೇ ಉಳಿಯಿತು.

ಐದಕ್ಕೆ ಹದಿನೈದು ನಿಮಿಷ ಇರುವಾಗ ಅವಳು ಕೆಳಗಿಳಿದಳು. ಸಾಲು ಇದ್ದಲ್ಲೇ ಇತ್ತು. ಅವಳ ಕಡತ ಮುಚ್ಚುವ ತನಕ ಕಂಪ್ಯೂಟರ್ ಇನ್ನೊಬ್ಬರದನ್ನು ತೆರೆಯಲು ಒಪ್ಪಿರಲಿಲ್ಲ. ಹಾಯ್ಟ್ ದಾರಿ ಬಿಟ್ಟ. ವರ್ನಾ ಒಂಬತ್ತು ಬೆರಳನ್ನೂ ಒಂದೊಂದಾಗಿ ಒತ್ತಿದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಕಪ್ಪಿಟ್ಟ ಬೆರಳನ್ನು ಗಾಜಿನ ಮೇಲಿಟ್ಟು ಮೆಲ್ಲಗೆ ಅದುಮಿದಳು.

ಟಿಣ್ ಎಂದಿತು. ಹಸಿರು ದೀಪ ಹತ್ತಿತು. ತೆರೆಯ ಮೇಲೆ 'ಹತ್ತೂ ಸರಿಯಿವೆ' ಎಂದು ಬಂತು.

ಸ್ಟಬ್ಸ್ ಕುರ್ಚಿ ಸಮೇತ ಗೋಡೆಗೆ ಹೋಗಿ ಬಡಿದ. "ಅಯ್ಯೋ ಥೂ! ಇದು... ಇದು ಸತ್ತಿರೋದು!"

"ನಿಮ್ ಮಿಷಿನ್ನೇ ಸರಿ ಅಂದ್ಮೇಲೆ ನಿಮ್ದೇನು ತಕರಾರು? ರುಜು ಹಾಕಿ. ಐದಾಗ್ತಾ ಬಂತು."

ಹಿಂದಿದ್ದ ಹನ್ನೆರಡು ಜನರೂ ಅವನನ್ನೇ ನೋಡುತ್ತಿದ್ದರು. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅವನು ರುಜು ಹಾಕಿದ. ಹೆಸರು ಪಟ್ಟಿಯಿಂದ ತೆಗೆದ ಕಾಗದ ಈಚೆ ಬಂತು. ವರ್ನಾ ಅದನ್ನು ಎರಡು ಸಲ ಓದಿ, ಮಡಚಿ ಎದೆಯೊಳಗೆ ಇಟ್ಟುಕೊಂಡಳು.

"ಇದನ್ನ ಎತ್ಕೊಂಡು ಹಾಳಾಗ್ಹೋಗು!"

"ಯಾಕೆ ಎತ್ಲಿ? ನೀವೇ ತರ್ಸಿದ್ದಲ್ವಾ. ಇಟ್ಕೊಳ್ಳಿ. ಇನ್ಮೇಲೆ ನನ್ ಹಾಜರಿ ಬೇಕಾದ್ರೆ ಅದೇ ಹಾಕುತ್ತೆ."

ಹಾಯ್ಟ್ ಅವಳ ತೋಳು ಹಿಡಿದು ತಗ್ಗಿದ ದನಿಯಲ್ಲಿ ಕೇಳಿದ. "ಹೂಳಲ್ವೇನೇ ಅಕ್ಕಾ? ನೋಯುತ್ತಲ್ಲೇ, ಸಾಯೋತಂಕ."

ವರ್ನಾ ಯಂತ್ರದ ಕಡೆ ತಿರುಗಿದಳು. ಬಗ್ಗಿ, ಬೆರಳನ್ನು ಗಾಜಿನ ಮೇಲೆ ನೆಟ್ಟಗೆ ಮಲಗಿಸಿದಳು.

"ಇದಕ್ಕಿಂತ ಆಳದ ಗುಂಡಿ ಎಲ್ಲಿ ಸಿಕ್ಕುತ್ತೋ ಹಾಯ್ಟ್?"

ಅವಳು ಮೆಟ್ಟಿಲು ಹತ್ತಿ ಹೊರಟುಹೋದಳು. ಸ್ಟಬ್ಸ್ ದಪ್ಪ ನಿಯಮದ ಪುಸ್ತಕ ಎಳೆದುಕೊಂಡು, ಆ ಬೆರಳನ್ನು ಯಾರು ಎತ್ತಬೇಕು, ಯಾವ ನಮೂನೆಯಲ್ಲಿ ಬರೆಯಬೇಕು ಎಂದು ಹಾಳೆ ಮೇಲೆ ಹಾಳೆ ತಿರುವತೊಡಗಿದ. ಗಾಜಿನ ಮೇಲೆ ಬೆರಳು ಕರಗಿ ನೀರು ಬಿಡುತ್ತಿತ್ತು. ಹಾಯ್ಟ್ ಇಪ್ಪತ್ತು ಡಾಲರಿನ ನೋಟು ಹಿಡಿದು ಕೌಂಟರಿಗೆ ಬಂದು ನಿಂತ.

"ಸ್ವಲ್ಪ ಒರೆಸ್ಕೊಡಿ ಸಾಹೇಬ್ರೇ," ಎಂದ. "ನಂದೂ ಹತ್ತು ಒತ್ಬೇಕು."