ಮತಪತ್ರಕ್ಕೆ ಬಿದ್ದ ಕಂಪನಿ ಸೀಲು

ಸೀಲು ಬೀಳದ ಕಾಗದಕ್ಕೆ ಬಹರೈನಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ ಎಂಬುದು ಇಲ್ಲಿರುವ ನಮ್ಮ ಕನ್ನಡಿಗರಲ್ಲಿ ಬಹಳ ಜನರ ನಂಬಿಕೆ. ವೀಸಾಕ್ಕೆ ಸೀಲು, ಬಾಡಿಗೆ ಕರಾರಿಗೆ ಸೀಲು, ಮಗುವಿನ ಜನನ ಪತ್ರಕ್ಕೆ ಸೀಲು. ಎಲ್ಲಕ್ಕೂ ಒಂದೊಂದು ಜೆರಾಕ್ಸು ಬೇರೆ. ಹೀಗೆ ಬದುಕಿ ಬದುಕಿ ಕೆಲವರಿಗೆ ಸೀಲಿನ ಮೇಲೆ ದೇವರಷ್ಟೇ ಭಕ್ತಿ. ಇಲ್ಲಿನ ಜುಫೈರ್ ಬಡಾವಣೆಯ ಶ್ಯಾಮಸುಂದರ ಅಂಥವರು. ಮೈಸೂರಿನವರು, ರಾಜಧಾನಿ ಮನಾಮಾದ ಒಂದು ಕಂಪನಿಯಲ್ಲಿ ಫೈನಾನ್ಸ್ ಮ್ಯಾನೇಜರ್. ಮನುಷ್ಯ ಒಳ್ಳೆಯವರೇ. ಆದರೆ 2012ರ ಅಕ್ಟೋಬರ್‌ನಲ್ಲಿ ಅವರು ಮಾಡಿದ ಕೆಲಸ ಕೇಳಿದರೆ ಯಾರಿಗಾದರೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಅವರ ಹೆಂಡತಿ ರಂಜನಾ ಹುಟ್ಟಿದ್ದು ಅಮೆರಿಕದಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಮತ್ತೆ ಅಮೆರಿಕಕ್ಕೆ ಹೋಗಿ, ಒಹಾಯೊ ರಾಜ್ಯದಲ್ಲಿ ಓದಿ, ಅಲ್ಲೇ ಕೆಲಸ ಮಾಡಿ, ಮದುವೆಯಾದ ಮೇಲೆ ಇಲ್ಲಿಗೆ ಬಂದವಳು. ಪಾಸ್‌ಪೋರ್ಟು ಅಮೆರಿಕದ್ದೇ. ಆ ವರ್ಷ ಅಧ್ಯಕ್ಷರ ಚುನಾವಣೆಯಲ್ಲಿ ಮೊದಲ ಬಾರಿ ಮತ ಹಾಕಬೇಕೆಂಬ ಆಸೆಯಿಂದ ಅರ್ಜಿ ಹಾಕಿದ್ದಳು. ಮತಪತ್ರ ಅಂಚೆಯಲ್ಲಿ ಬಂತು. ಗುರುತು ಹಾಕಿ ಒಳಲಕೋಟೆಯಲ್ಲಿಟ್ಟು ಅಂಟಿಸಿದಳು. ಅದನ್ನು ಹೊರಲಕೋಟೆಗೆ ಹಾಕಿ, ಅದರ ಮೇಲೆ ತಾನೇ ಸಹಿ ಮಾಡಿದಳು. "ಪೋಸ್ಟ್ ಮಾಡಿ" ಎಂದು ಗಂಡನ ಕೈಗೆ ಕೊಟ್ಟಳು. ಎಡವಟ್ಟಾದದ್ದು ಅಲ್ಲೇ.

ಸಂಜೆ ಶ್ಯಾಮಸುಂದರ ಲಕೋಟೆಯನ್ನು ಹಿಡಿದುಕೊಂಡೇ ಮನೆಗೆ ಬಂದರು. ಮುಖದಲ್ಲಿ ದೊಡ್ಡ ಉಪಕಾರ ಮಾಡಿದ ಕಳೆ.

"ಒಂದು ಸೀಲೂ ಇರಲಿಲ್ಲ ಕಣೆ. ಹಾಗೇ ಕಳಿಸಿದ್ರೆ ರಿಜೆಕ್ಟ್ ಮಾಡ್ತಾರೆ. ಅದಕ್ಕೇ ಬಿಚ್ಚಿ, ಫೈಲಿಗೊಂದು ಕಾಪಿ ತೆಗೆದು, ಕಂಪನಿ ಸೀಲ್ ಹೊಡೆಸಿ, ನಾನೇ ಸೈನ್ ಮಾಡಿದೀನಿ. ನಾಳೆ ಕಳಿಸಿದ್ರಾಯ್ತು."

ರಂಜನಾ ಕಾಗದ ಬಿಡಿಸಿ ನೋಡಿದಳು. ಅವಳು ಗುರುತು ಹಾಕಿದ ಹೆಸರಿನ ಮೇಲೆಯೇ ನೀಲಿ ಬಣ್ಣದ ದುಂಡು ಸೀಲು.

"ರೀ, ಅದು ನನ್ನ ಓಟು," ಎಂದಳು. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು.

ಮೇಲಿನ ಮನೆಯ ಜೆಸಿಂತಾಳಿಗೆ ಫೋನು ಹೋಯಿತು. ಉಡುಪಿ ಕಡೆಯ ಈ ಹೆಂಗಸು ಚಿಕಾಗೋದಲ್ಲಿ ಬಹಳ ಕಾಲ ನರ್ಸ್ ಆಗಿದ್ದವಳು. ಅಲ್ಲಿನ ಪೌರತ್ವ ಪಡೆದವಳು. ಹಿಂದಿನ ಚುನಾವಣೆಗೂ ಬಹರೈನಿನಿಂದಲೇ ಮತ ಕಳಿಸಿದ್ದಳು. ಬಂದು ನೋಡಿ ತಲೆಯ ಮೇಲೆ ಕೈ ಹೊತ್ತಳು.

"ಎಂಥ ಮಾರಾಯ್ರೇ ಇದು? ಓಟನ್ನು ಯಾರಾದ್ರೂ ಆಫೀಸಲ್ಲಿ ಜೆರಾಕ್ಸ್ ಮಾಡಿಸ್ತಾರಾ?"

"ಕಳಿಸಿದ್ದು ಯಾರು ಅಂತ ಅವರಿಗೆ ಗೊತ್ತಾಗಬೇಡ್ವಾ?"

"ಅದಕ್ಕೆ ಹೊರಗಿನ ಕವರಲ್ಲಿ ಅವಳ ಸೈನ್ ಉಂಟಲ್ಲ. ಹೆಸರು ಹೊರಗೆ, ಓಟು ಒಳಗೆ. ಎರಡನ್ನೂ ಬೇರೆ ಮಾಡಿ ಆಮೇಲೆ ಎಣಿಸುದು. ನೀವು ಓಟಿನ ಮೇಲೆಯೇ ಸೀಲು ಗುದ್ದಿದ್ರಿ. ಇದನ್ನಿನ್ನು ಎಣಿಸ್ತಾರೆ ಅಂತ ನನಗೆ ನಂಬಿಕೆ ಇಲ್ಲ."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಶ್ಯಾಮಸುಂದರ ತಪ್ಪೊಪ್ಪಿಕೊಂಡರೇ? ಇಲ್ಲ. ವಾದಕ್ಕೆ ಕೂತರು.

"ಹೋಗ್ಲಿ ಬಿಡಿ ಮೇಡಂ. ಅಷ್ಟು ದೊಡ್ಡ ದೇಶದಲ್ಲಿ ಒಂದು ಓಟಿಂದ ಏನಾಗುತ್ತೆ? ಕೋಟಿಗಟ್ಟಲೆ ಡಾಲರ್ ಸುರಿದು ಜಾಹೀರಾತು ಹಾಕ್ತಾರೆ, ಡಿಬೇಟ್ ಮಾಡ್ತಾರೆ. ಅಷ್ಟಾದ್ಮೇಲೂ ಜಾಸ್ತಿ ಓಟು ಬಿದ್ದವನೇ ಗೆಲ್ತಾನೆ ಅನ್ನೋ ಗ್ಯಾರಂಟಿ ಇಲ್ವಂತೆ."

"ಅದು ಸರಿಯೇ. ಅಲ್ಲಿ ಇಡೀ ದೇಶದ ಓಟು ಒಟ್ಟಿಗೆ ಎಣಿಸಿ ಅಧ್ಯಕ್ಷರನ್ನು ಆರಿಸುದಲ್ಲ. ಅವರನ್ನು ಆರಿಸ್ಲಿಕ್ಕೇ ಒಂದೊಂದು ರಾಜ್ಯಕ್ಕೆ ಇಷ್ಟಿಷ್ಟು ಪ್ರತಿನಿಧಿಗಳು ಅಂತ ಉಂಟು. ಹೆಚ್ಚಿನ ರಾಜ್ಯಗಳಲ್ಲಿ ಒಂದೇ ಓಟು ಜಾಸ್ತಿ ಬಿದ್ರೂ ಅಷ್ಟೂ ಪ್ರತಿನಿಧಿಗಳು ಅವನಿಗೇ. ಒಟ್ಟು 538ರಲ್ಲಿ 270 ಸಿಕ್ಕಿದ್ರೆ ಗೆದ್ದ ಹಾಗೆ. ಒಹಾಯೊ ಯಾವ ಕಡೆ ವಾಲ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಅದಕ್ಕೇ ಇಬ್ಬರು ಅಭ್ಯರ್ಥಿಗಳೂ ಅಲ್ಲಿಗೇ ಓಡುದು. ಆ ದುಡ್ಡೆಲ್ಲ ಸುರಿಯುದು ಇಂಥ ಓಟಿಗೇ ಮಾರಾಯ್ರೇ. ಅದನ್ನು ನೀವು ಫೈಲಿಗೆ ಹಾಕಿ ಬಂದ್ರಿ."

ಶ್ಯಾಮಸುಂದರ ಹೆಂಡತಿಯ ಮುಖ ನೋಡಿದರು.

"ಈಗೇನು ಮಾಡ್ಬೇಕು?" ಎಂದರು. ಆ ಸಂಜೆ ಅವರು ಆಡಿದ ಮೊದಲ ಬುದ್ಧಿವಂತ ಮಾತು ಅದೇ.

"ಒಹಾಯೊದಲ್ಲಿ ಅವಳಿದ್ದ ಊರಿನ ಚುನಾವಣಾ ಕಚೇರಿಗೆ ಇಮೇಲ್ ಮಾಡುವ. ಬ್ಯಾಲೆಟ್ ಹಾಳಾಯ್ತು, ಬೇರೆ ಕೊಡಿ ಅಂತ ಕೇಳುವ. ಇನ್ನೂ ಟೈಮ್ ಉಂಟು."

ಉತ್ತರ ಬೇಗನೇ ಬಂತು. ಹೊಸ ಮತಪತ್ರ ಇಮೇಲಿನಲ್ಲೇ ಬಂತು. ರಂಜನಾ ಅದನ್ನು ಮನೆಯಲ್ಲೇ ಪ್ರಿಂಟ್ ತೆಗೆದು ಪೆನ್ನು ಹಿಡಿದು ಕೂತಳು. ಶ್ಯಾಮಸುಂದರ ಕನ್ನಡಕ ಹಾಕಿಕೊಂಡು ಬೆನ್ನ ಹಿಂದೆ ಬಂದು ನಿಂತರು.

"ನೀವು ಬಾಲ್ಕನಿಗೆ ಹೋಗಿ," ಎಂದಳು ರಂಜನಾ.

ಆ ಸೆಕೆಯಲ್ಲಿ ಅವರು ಹೋಗಿ ನಿಂತರು. ಬಾಗಿಲನ್ನೂ ತಾವೇ ಎಳೆದುಕೊಂಡರು. ಅವಳು ಗುರುತು ಹಾಕಿ, ಲಕೋಟೆ ಅಂಟಿಸಿ, ಸಹಿ ಮಾಡಿದ ಮೇಲೆಯೇ ಕರೆದದ್ದು. ಇಬ್ಬರೂ ಹೋಗಿ ಕೊರಿಯರ್‌ಗೆ ಕೊಟ್ಟು ಬಂದರು. ದಾರಿಯಲ್ಲಿ ಆಫೀಸಿಗೆ ಹೋಗಿ, ಫೈಲಿನಲ್ಲಿದ್ದ ಕಾಪಿಯನ್ನು ಶ್ಯಾಮಸುಂದರ ಅವಳೆದುರೇ ಹರಿದು ಹಾಕಿದರು.

ಕಾರಿನಲ್ಲಿ ಮೆಲ್ಲಗೆ ಕೇಳಿದರು: "ಮೊನ್ನೆ ಹಾಕಿದವರಿಗೇ ತಾನೆ ಹಾಕಿದ್ದು?"

"ಅದೇ ಇರಬಹುದು. ಬದಲಾಯಿಸಿಯೂ ಇರಬಹುದು. ನಾನು ಹೇಳೋದಿಲ್ಲ."

ಶ್ಯಾಮಸುಂದರ ತಲೆಯಾಡಿಸಿ ಕಾರನ್ನು ಮನೆಯ ಕಡೆ ತಿರುಗಿಸಿದರು.

ಅಮೆರಿಕದ ಪಾಸ್‌ಪೋರ್ಟ್ ಇರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ದೂರ ಇದ್ದೀರಿ ಎಂದು ನಿಮ್ಮ ಮತ ಬಿಡಬೇಡಿ. ಚುನಾವಣೆಯ ವರ್ಷ ಹುಟ್ಟಿದ ಕೂಡಲೇ, ನೀವು ಅಲ್ಲಿ ಕೊನೆಗೆ ವಾಸವಿದ್ದ ಊರಿನ ಚುನಾವಣಾ ಕಚೇರಿಗೆ ಅರ್ಜಿ ಹಾಕಿ. ರಾಜ್ಯಕ್ಕೊಂದು ನಿಯಮವಿದೆ, ನಿಮ್ಮ ರಾಜ್ಯದ್ದನ್ನು ಅಲ್ಲಿಯೇ ಕೇಳಿ ತಿಳಿಯಿರಿ. ಮತಪತ್ರ ಬಾರದಿದ್ದರೆ, ಹಾಳಾದರೆ, ಅಳುತ್ತ ಕೂರದೆ ಆ ದಿನವೇ ಬರೆದು ಕೇಳಿ. ಅವರು ಕೇಳಿದಷ್ಟನ್ನೇ ಮಾಡಿ, ಕೇಳದ ಸೀಲು ಹೊಡೆಸಬೇಡಿ.

ಮತ್ತು ಗಂಡಂದಿರೇ, ಹೆಂಡತಿ ಮತ ಹಾಕುವಾಗ ನೀವು ದಯವಿಟ್ಟು ಬಾಲ್ಕನಿಗೆ ಹೋಗಿ.