ಎಡಚಿಯ ಅರ್ಧ

ಕೌದಿಯಕ್ಕ ಹೊಲಿದ ಕೌದಿ ಹೊದ್ದು ಮಲಗಿದವರನ್ನು ಎಬ್ಬಿಸುವುದು ಗುಡುಗಿನ ಕೈಲೂ ಆಗುತ್ತಿರಲಿಲ್ಲ. ಒಮ್ಮೆ ಹೊದ್ದು ಮಲಗಿದ ಅಂಚೆಯವನು ಎದ್ದು ನೋಡುವಷ್ಟರಲ್ಲಿ ನಿವೃತ್ತನಾಗಿದ್ದ ಎಂದು ಬೀದಿಯವರು ಆಣೆ ಮಾಡಿ ಹೇಳುತ್ತಾರೆ. ಅವಳ ಹೊಲಿಗೆಯ ಸಾಲಿನ ಮೇಲೆ ಇರುವೆ ಬಿಟ್ಟರೆ ದಾರಿ ತಪ್ಪದೆ ಆ ತುದಿ ಮುಟ್ಟುತ್ತಿತ್ತು. ಇದನ್ನೆಲ್ಲ ಬೀದಿಯವರಿಗೆ ಹೇಳಿಕೊಟ್ಟವರು ಯಾರು ಅಂದಿರಾ? ಅವಳೇ, ಮತ್ಯಾರು!

ಆ ಬಾಯಿಯನ್ನು ಮುಚ್ಚಿಸಬಲ್ಲವಳು ಜಗತ್ತಿನಲ್ಲಿ ಒಬ್ಬಳೇ, ಅವಳ ತಂಗಿ. ಎಡಗೈಯಲ್ಲಿ ಹೊಲಿಯುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಎಡಚಿ. ಅಕ್ಕ ಕೌದಿಯ ಈ ಅಂಚಿನಿಂದ, ಎಡಚಿ ಆ ಅಂಚಿನಿಂದ ಹೊಲಿಯುತ್ತ ಬಂದು ನಡುವೆ ಸೇರುವುದು ಅವರ ಪದ್ಧತಿ. ಸೇರಿದಾಗಲೆಲ್ಲ ಜಗಳ. ಅಕ್ಕನ ಸಾಲು ಬಿಗಿದ ತಂತಿ. ಎಡಚಿಯದು ಗಾಳಿಗೆ ಸಿಕ್ಕ ಹುಲ್ಲಿನಂತೆ ಒಂದೇ ಕಡೆಗೆ ವಾಲುತ್ತಿತ್ತು.

“ನಿನ್ನ ಹೊಲಿಗೆ ಕುಡಿದು ಮನೆಗೆ ಹೊರಟಿದೆ ಕಣೇ.”

“ಹೋಗ್ಲಿ ಬಿಡು, ಮನೆಗಾದ್ರೂ ಹೋಗುತ್ತೆ. ನಿನ್ನದು ಶಿಕ್ಷೆಗೆ ನಿಂತ ಹಾಗೆ ನಿಂತೇ ಇದೆ.”

ಒಂದು ತಿಂಗಳ ಮೊದಲ ವಾರದಲ್ಲಿ, ಜ್ವರ ಎಂದು ಮಲಗಿದ ಎಡಚಿ ಮತ್ತೆ ಏಳಲೇ ಇಲ್ಲ. ಅವರು ಹೊಲಿದವುಗಳಲ್ಲೇ ದೊಡ್ಡ ಕೌದಿ ಆಗ ನೆಲದ ಮೇಲೆ ಹಾಸಿಕೊಂಡಿತ್ತು. ಅದನ್ನು ಮಡಿಸಿದರೆ ಮನೆ ಇನ್ನೊಂದು ಮಹಡಿ ಕಟ್ಟಿಸಿಕೊಂಡಂತೆ ಕಾಣುತ್ತಿತ್ತು! ಅಕ್ಕ ತನ್ನ ಅರ್ಧ ಮುಗಿಸಿ ಕಾಯುತ್ತಿದ್ದಳು. ಎಡಚಿಯ ಕಡೆ ನಡುವಿಗೆ ಒಂದು ಮೊಳ ಬಾಕಿಯಿತ್ತು.

ಸಮಾಧಾನ ಹೇಳಲು ಬಂದವರು “ಅತ್ತುಬಿಡಮ್ಮ, ಹಗುರಾಗುತ್ತೆ” ಎಂದರು.

“ನಾನು ಅಳೋಕೆ ಕೂತರೆ ನಿಮ್ಮ ಮನೆಗಳೆಲ್ಲ ತೇಲಿ ಹೋಗ್ತವೆ. ಮೊದಲು ಈಜು ಕಲಿತು ಬನ್ನಿ” ಎಂದು ಕೌದಿಯಕ್ಕ ಕದ ಹಾಕಿಕೊಂಡಳು.

ಆ ಕದವನ್ನು ಕಾಲಿನಿಂದ ತಳ್ಳಿಕೊಂಡು ಒಳಗೆ ಬಂದವಳು ಎಡಚಿಯ ಮಗಳು. ಪಂಪು, ಮೋಟಾರು ರಿಪೇರಿ ಮಾಡುವ ಹುಡುಗಿ. ಅಮ್ಮನಿಲ್ಲದ ಮನೆಯಲ್ಲಿ ಇರಲಾರೆನೆಂದು ಒಂದು ಚೀಲ ಬಟ್ಟೆ, ಒಂದು ಆನೆ ತೂಕದ ಸಲಕರಣೆ ಪೆಟ್ಟಿಗೆ ಹೊತ್ತುಕೊಂಡು ದೊಡ್ಡಮ್ಮನ ಮನೆಗೇ ಬಂದಿದ್ದಳು. ಬೆಕ್ಕಿಗೂ ಜಾಗ ಬಿಟ್ಟುಕೊಡದೆ ಬಾಳಿದ್ದ ಕೌದಿಯಕ್ಕ ಬಟ್ಟೆಯ ಗಂಟುಗಳನ್ನು ಗೊಣಗುತ್ತಲೇ ಮೂಲೆಗೆ ಸರಿಸಿದಳು.

“ನನ್ನ ಬಟ್ಟೆ ಮೇಲೆ ಒಂದು ಹನಿ ಗ್ರೀಸ್ ಬೀಳಲಿ, ನಿನ್ನನ್ನೇ ತುಂಡು ಮಾಡಿ ಕೌದಿಗೆ ಹಾಕ್ತೀನಿ.”

“ಹಾಕು ದೊಡ್ಡಮ್ಮ, ಬೆಚ್ಚಗಿರ್ತೀನಿ.”

ಮಾತು ಥೇಟ್ ಅಮ್ಮನದೇ. ಕೌದಿಯಕ್ಕ ಗೋಡೆ ಕಡೆ ತಿರುಗಿ ಸುಮ್ಮಸುಮ್ಮನೆ ಕೆಮ್ಮಿದಳು.

ಮರುವಾರ ಕಲಾಭವನದ ಮೇಡಂ ಬಂದರು. ಕೌದಿಯ ಸುತ್ತ ಬರಿಗಾಲಲ್ಲಿ ಓಡಾಡಿದರು.

“ನಮ್ಮ ದೊಡ್ಡ ಗೋಡೆ ನಿಮಗೇ. ತಿಂಗಳ ಕೊನೆಗೆ ಪ್ರದರ್ಶನ. ಒಂದೇ ಒಂದು ಮಾತು... ಈ ಅರ್ಧ ಅದ್ಭುತ. ಆ ಅರ್ಧ ಯಾರೋ ಈಗಷ್ಟೇ ಕಲಿಯೋರು ಹೊಲಿದ ಹಾಗಿದೆ. ಬಿಚ್ಚಿ ನೀವೇ ಹೊಲಿದುಬಿಡಿ. ಇಡೀ ಕೌದಿ ಒಂದೇ ಕೈಯದಾಗಿರಲಿ.”

ಆ ಗೋಡೆ! ಅದರ ಮುಂದೆ ಹಾದುಹೋದಾಗಲೆಲ್ಲ ಕೌದಿಯಕ್ಕ ಕಣ್ಣಲ್ಲೇ ಮೊಳೆ ಹೊಡೆದು ಕೌದಿ ತೂಗುಹಾಕಿ ಬಂದಿದ್ದಳು. ಆಗಲ್ಲ ಎನ್ನಬೇಕಿದ್ದ ನಾಲಿಗೆ “ನೋಡೋಣ” ಎಂದಿತು. ಆ ಮಾತಿಗೆ ಅವಳು ಸಂಜೆಯವರೆಗೂ ತನ್ನ ನಾಲಿಗೆಯ ಜೊತೆ ಮಾತು ಬಿಟ್ಟಳು.

“ಬಿಚ್ಚು ದೊಡ್ಡಮ್ಮ” ಎಂದಳು ಹುಡುಗಿ. “ಅಮ್ಮ ಇದ್ದಿದ್ರೆ ತಾನೇ ಬಿಚ್ಚು ಅಂತಿದ್ಲು.”

“ನಿಮ್ಮಮ್ಮನಾ? ಕತ್ತರಿ ಕಿತ್ಕೊಂಡು ನನ್ನ ಜಡೆ ಕತ್ತರಿಸ್ತಿದ್ಲು!”

ಹಾಗೆಂದರೂ ಕತ್ತರಿ ಎತ್ತಿಕೊಂಡಳು. ಎಡಚಿಯ ಕಡೆಯ ಒಂದು ಹೊಲಿಗೆ ಕತ್ತರಿಸಿ ದಾರ ಎಳೆದಳು. ಹೊರಬಂದ ದಾರ ನೆಟ್ಟಗಾಗಲಿಲ್ಲ. ಬಟ್ಟೆಯೊಳಗೆ ಹೇಗಿತ್ತೋ ಹಾಗೇ ಅಂಕುಡೊಂಕಾಗಿ ಅಂಗೈ ಮೇಲೆ ಕೂತಿತು. ಬೆರಳಿಗೆ ಸುತ್ತಿದಳು, ಹಲ್ಲಲ್ಲಿ ಕಚ್ಚಿ ಜಗ್ಗಿದಳು. ಊಹೂಂ. ಬಟ್ಟೆಯಲ್ಲಿ ಸೂಜಿಯ ತೂತುಗಳೂ ವಾಲಿಕೊಂಡೇ ಉಳಿದಿದ್ದವು.

“ಸತ್ತ ಮೇಲೂ ಹಟ ನೋಡು ಇವಳದು” ಎಂದ ಕೌದಿಯಕ್ಕ ಅಳತೊಡಗಿದಳು. ಬೀದಿ ತೇಲಿ ಹೋಗಲಿಲ್ಲ, ನಿಜ. ಆದರೆ ಹುಡುಗಿಯ ಅಂಗಿಯ ಹೆಗಲು ಮಾತ್ರ ಹಿಂಡುವಷ್ಟು ನೆನೆಯಿತು.

ಅತ್ತು ಮುಗಿಸಿ ಮೂಗೊರೆಸಿಕೊಂಡು, ಆ ಬಾಕಿ ಮೊಳದ ಮುಂದೆ ಕೂತಳು. ಬಲಗೈಯಲ್ಲಿ ಹೊಲಿದರೆ ಸಾಲು ನೆಟ್ಟಗಾಗಿಬಿಡುತ್ತದೆ, ಎಡಚಿಯ ಅರ್ಧ ಅಲ್ಲಿಗೇ ಮುಗಿದುಹೋಗುತ್ತದೆ. ಸೂಜಿಯನ್ನು ಎಡಗೈಗೆ ದಾಟಿಸಿದಳು. ಅಯ್ಯೋ, ಆ ಹೊಲಿಗೆಯನ್ನು ಏನೆಂದು ಬಣ್ಣಿಸಲಿ! ಭೂಮಿ ಹುಟ್ಟಿದಾಗಿನಿಂದ ಅಷ್ಟು ಕೆಟ್ಟ ಹೊಲಿಗೆ ಬಿದ್ದಿರಲಿಲ್ಲ. ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚಿಕೊಂಡಳು. ಹುಡುಗಿ ನಕ್ಕು ನಕ್ಕು ಪೆಟ್ಟಿಗೆಯ ಮೇಲೆ ಕುಸಿದಳು.

ಪ್ರದರ್ಶನದ ದಿನ ಬಂದರೂ ಗೇಣು ಜಾಗ ಉಳಿದೇ ಇತ್ತು. ಇಬ್ಬರೂ ಕೌದಿಯನ್ನು ಹೊತ್ತು ಕಲಾಭವನಕ್ಕೆ ಹೋದರು. ಮೇಡಂ ಮಡಿಕೆ ಬಿಡಿಸಿ ನೋಡಿ ಹಣೆಗೆ ಕೈ ಹಚ್ಚಿದರು.

“ಅಮ್ಮಾ, ಇದು ಮೊದಲಿಗಿಂತ ಕೆಟ್ಟಿದೆಯಲ್ಲ! ಗೋಡೆಗೆ ಹಾಕೋಕಾಗಲ್ಲ. ತಗೊಂಡು ಹೋಗಿ.”

“ಗೋಡೆ ನೀವೇ ಇಟ್ಕೊಳ್ಳಿ. ಆ ಅರ್ಧ ನನ್ನ ತಂಗೀದು. ಅದು ಇಲ್ಲದೆ ನನ್ನ ಅರ್ಧ ಎಲ್ಲೂ ನೇತಾಡಲ್ಲ” ಎಂದ ಕೌದಿಯಕ್ಕ ಆ ಮಹಾಗೋಡೆಯ ಮುಂದೆಯೇ, ನಟ್ಟನಡು ನೆಲದ ಮೇಲೆ ಕೌದಿ ಹಾಸಿದಳು. ಬಾಕಿ ಗೇಣಿನ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿದಳು. ಹುಡುಗಿ ಎದುರಿನ ಅಂಚನ್ನು ಮೊಣಕಾಲಿನಿಂದ ಒತ್ತಿ ಹಿಡಿದಳು.

ಬಾಗಿಲು ತೆರೆಯಿತು. ಜನ ಬಂದರು, ಗೋಡೆಗಳ ಕಡೆ ಒಂದು ನೋಟ ಬೀರಿ ನೆಲದ ಸುತ್ತ ಗುಂಪುಕಟ್ಟಿದರು. ಒಬ್ಬ ಮುದುಕ ಬಗ್ಗಿ, ವಾಲಿದ ಹೊಲಿಗೆಯ ಮೇಲೆ ಬೆರಳಾಡಿಸಿ, “ಇದು ಯಾರ ಕೈ?” ಎಂದ.

“ನನ್ನ ತಂಗೀದು. ಜಗತ್ತಿನಲ್ಲೇ ಇಂಥ ಕೈ ಇನ್ನೊಂದಿರಲಿಲ್ಲ” ಎಂದಳು ಕೌದಿಯಕ್ಕ. ಆ ಮಾತನ್ನು ಮಾತ್ರ ಅವಳು ದನಿಯೇರಿಸದೆ ಹೇಳಿದಳು.

ಮೇಡಂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಜನರಿಗೆ ಕೇಳದ ಹಾಗೆ ಪಿಸುಗುಟ್ಟಿದರು: “ಅಮ್ಮಾ, ದಾರಿಗೆ ಅಡ್ಡ ಆಗ್ತಿದೆ. ಯಾವಾಗ ಮುಗಿಸ್ತೀರಿ?”

ಕೌದಿಯಕ್ಕ ಬೆರಳಿನ ರಕ್ತ ಚೀಪಿ, ಸೂಜಿಯನ್ನು ಮತ್ತೆ ಎಡಗೈಯಲ್ಲೇ ಹಿಡಿದಳು.

“ಈ ಕೈ ಕಲಿತ ಮೇಲೆ.”