ಲಗೇಜ್ ಪೈಲ್ವಾನ್

ಮೂರು ಕುಸ್ತಿ, ಮೂರು ಸೋಲು. ನಾಲ್ಕನೆಯದರ ದಿನ ಬೆಳಿಗ್ಗೆ ಲಾತೀರ್‌ನ ಅಕ್ಕನ ಗಂಡ ಉಸೇನು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ.

"ಇವತ್ತು ಗೆದ್ರೆ ನೀನು ಪೈಲ್ವಾನ್. ಇಲ್ಲಾಂದ್ರೆ ನಾಳೆಯಿಂದ ನನ್ನ ಟೈಲರ್ ಅಂಗಡೀಲಿ ಗುಂಡಿ ಹೊಲಿಯೋನು. ಅಷ್ಟೇ."

ಲಾತೀರ್‌ನ ಬೆರಳುಗಳು ಒಂದೊಂದೂ ಬಾಳೆಕಾಯಿ ಗಾತ್ರ. ಎದುರಾಳಿ ಕಂಡರೆ ಬೆವರದವನು ಸೂಜಿ ಕಂಡರೆ ಬೆವರುತ್ತಿದ್ದ.

ಇಂಥದ್ದೊಂದು ಮಾತು ಬರುತ್ತೆ ಅಂತ ಗೊತ್ತಿದ್ದೇ ಅವನು ಈ ಸಲ ಎರಡು ದಿನ ಮುಂಚೆ, ತಾಯಿತ-ಮಂತ್ರದ ಗುರುಗಳಾದ ಊರಿನ ಅತಿ ದೊಡ್ಡ ಮರಾಬೂ ಹತ್ತಿರ ಹೋಗಿದ್ದ. ಅವರು ಹನ್ನೊಂದು ತಾಯಿತ ಕಟ್ಟಿ, ಏಳು ಬಾಟಲಿ ನೀರು ಮಂತ್ರಿಸಿ ಕೊಟ್ಟು, ಕಿವಿಯಲ್ಲಿ ಒಂದೇ ಮಾತು ಊದಿದ್ದರು: "ಅಖಾಡದ ಮರಳಿಗೆ ಯಾರ ಕಾಲು ಮೊದಲು ಬೀಳುತ್ತೋ ಅವನೇ ಸೋಲೋದು."

ಸಂಜೆ ನಾಲ್ಕಕ್ಕೆ ಎಂಬೂರು ಪಟ್ಟಣದ ಮೈದಾನದಲ್ಲಿ ಡೋಲು ಶುರುವಾಯಿತು. ಲಾತೀರ್ ಏಳೂ ಬಾಟಲಿ ತಲೆಗೆ ಸುರಿದುಕೊಂಡು, ಅಖಾಡದ ಸುತ್ತ ಜೋಡಿಸಿದ್ದ ಮರಳುಚೀಲಗಳ ಹೊರಗೇ ನಿಂತು, ತನ್ನ ಬಿರುದಾವಳಿ ತಾನೇ ಕೂಗಿದ.

"ನಾನು ಕೂತ್ರೆ ಭೂಮಿಗೆ ನಡುಕ! ಎದ್ರೆ ಆಕಾಶಕ್ಕೆ ಇಕ್ಕಟ್ಟು! ನನ್ನ ಹೆಸ್ರು ಕೇಳಿದ್ರೆ ಸಮುದ್ರದ ಮೀನು ನೀರಲ್ಲೇ ಒಣಗಿ ಹೋಗತ್ತೆ!"

ಆ ಕಡೆಯಿಂದ ಎದುರಾಳಿ ಜೆಗಾನ್ ಕೂಗಿದ: "ಮೂರು ಸಲ ನೀನು ನೆಲಕ್ಕೆ ಬಿದ್ದಿದ್ದು ನೋಡಿದೀವಪ್ಪ! ಭೂಮಿ ನಡುಗ್ಲಿಲ್ಲ, ಆಕಳಿಸ್ತು!"

ರೆಫರಿ ಸೀಟಿ ಊದಿದ. ಇವನೂ ಕದಲಲಿಲ್ಲ, ಅವನೂ ಕದಲಲಿಲ್ಲ.

"ಬಾರೋ ಒಳಗೆ, ಹುಲಿ!" ಅಂದ ಲಾತೀರ್.

"ನೀನೇ ಬಾರೋ, ಆನೆ! ದೊಡ್ಡೋರು ಮೊದಲು!"

ಲಾತೀರ್‌ಗೆ ಅನುಮಾನ ಬಂತು. "ಲೇ ಜೆಗಾನ್, ನೀನು ಯಾವ ಮರಾಬೂ ಹತ್ರ ಹೋಗಿದ್ದೆ?"

"ಬೇವಿನ ಮರದ ಮನೆಯೋರು. ನೀನು?"

"ಅವರೇ ಕಣೋ! ಯಾವತ್ತು?"

"ನಿನ್ನೆ."

"ಛೇ, ನಾನು ಮೊನ್ನೆ. ನಿನ್ನ ನೀರು ಫ್ರೆಶ್ಶು."

ಮುಕ್ಕಾಲು ಗಂಟೆ ಹೋಯಿತು. ಜನ ಕಡ್ಲೆಕಾಯಿ ಸಿಪ್ಪೆ ಎಸೆಯತೊಡಗಿದರು. ಮುದಿ ರೆಫರಿಗೆ ತಲೆ ಕೆಟ್ಟಿತು. "ಹತ್ತು ನಿಮಿಷ! ಅಷ್ಟರಲ್ಲಿ ಒಳಗೆ ಬರ್ಲಿಲ್ಲ ಅಂದ್ರೆ ಇಬ್ರೂ ಸೋತ್ರಿ!"

ಲಾತೀರ್‌ನ ಕಣ್ಣ ಮುಂದೆ ಗುಂಡಿಗಳ ಡಬ್ಬಿ ಕುಣಿಯಿತು. ಗಬಕ್ಕನೆ ತನ್ನ ಡೋಲಿನವನಾದ ಬಿರಾನ್‌ನ ಹೆಗಲು ಹಿಡಿದ. ಬಿರಾನ್ ಕಡ್ಡಿಯಂಥ ಆಳು, ಆದರೆ ದಿನಾ ಬೆಳಿಗ್ಗೆ ದೋಣಿಯಿಂದ ಮೀನಿನ ಪೆಟ್ಟಿಗೆ ಇಳಿಸುವ ಹಮಾಲಿ.

"ನನ್ನ ಹೊತ್ಕೊಂಡು ಒಳಗೆ ನಡಿ."

"ಅಣ್ಣಾ, ನೀನು ನೂರಿಪ್ಪತ್ತು ಕೆ.ಜಿ. ಇದೀಯ!"

"ಮೂರು ಪೆಟ್ಟಿಗೆ ಅಂದ್ಕೋ!"

ಬಿರಾನ್ ಹೊತ್ತು ನಡೆದ. ಮರಳಿಗೆ ಕಾಲು ಬಿದ್ದದ್ದು ಬಿರಾನ್‌ನದು, ಲಾತೀರ್‌ನದಲ್ಲ! ಅದನ್ನು ನೋಡಿದ್ದೇ ತಡ, ಜೆಗಾನ್ ತನ್ನ ಮಸಾಜಿನವನ ಹೆಗಲೇರಿ ಬಂದ. ಮೇಲೆ ಇಬ್ಬರು ಕೈ ಕೈ ಮಿಲಾಯಿಸಿದರು, ಕೆಳಗೆ ಇಬ್ಬರು ದಾರಿಗಾಗಿ ಡಿಕ್ಕಿ ಹೊಡೆದರು. ಬಿರಾನ್ ಮೀನು ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ತಳ್ಳುವ ಹಾಗೆ ಸೊಂಟದಿಂದ ಒಂದು ತಳ್ಳಿದ. ಮಸಾಜಿನವನು ಎರಡು ಕೈ, ಎರಡು ಮಂಡಿ ಊರಿ ಮರಳಿಗೆ ಬಿದ್ದ. ಮೇಲಿದ್ದ ಜೆಗಾನ್ ಮೂಟೆಯಂತೆ ಉರುಳಿದ.

ಲಾತೀರ್ ಎರಡೂ ಕೈ ಎತ್ತಿ ಕಿರುಚಿದ: "ಗೆದ್ದೇ!"

ರೆಫರಿ ಬಂದು ಬಿರಾನ್‌ನ ಕೈ ಎತ್ತಿದ.

"ಅಜ್ಜಾ, ಇದೇನು ಅನ್ಯಾಯ? ಪೈಲ್ವಾನ್ ನಾನು!"

"ಮರಳ ಮೇಲೆ ಕಾಲು ಇರೋನು ಪೈಲ್ವಾನ್. ಮೇಲಿರೋದು ಲಗೇಜ್. ಬಹುಮಾನದ ಹೋರಿ ಈ ಹುಡುಗಂದು."

ಉಸೇನು ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದು ನಿಂತ. "ಇಳಿಯಪ್ಪಾ ಕೆಳಗೆ. ನಾಳೆ ಎಂಟಕ್ಕೆ ಅಂಗಡಿ ತೆಗೀತೀನಿ."

"ನಾನು ಸೋತಿಲ್ಲ, ಭಾವ!"

"ಗೆದ್ದೂ ಇಲ್ಲವಲ್ಲ."

ಅಷ್ಟರಲ್ಲಿ ಪಂದ್ಯ ಏರ್ಪಡಿಸಿದವನು ಓಡಿ ಬಂದು, ಮುಂದಿನ ತಿಂಗಳು ಕಾವೊಲಾಕ್ ಊರಿನ ದೈತ್ಯ ಪೈಲ್ವಾನನ ಮೇಲೆ ಕುಸ್ತಿಗೆ ಬರ್ತೀಯಾ ಅಂತ ಬಿರಾನ್‌ನನ್ನು ಕೇಳಿದ.

ಬಿರಾನ್ ಯೋಚಿಸಿದ. "ಬರ್ತೀನಿ ಯಜಮಾನ್ರೇ. ಆದ್ರೆ ಹೆಗಲ ಮೇಲೆ ಭಾರ ಇಲ್ದೆ ನಂಗೆ ಕಾಲೇ ನಿಲ್ಲಲ್ಲ. ಈ ಅಣ್ಣ ಮೇಲಿರ್ಬೇಕು. ಹೋರೀಲಿ ಅವ್ರಿಗೆ ಅರ್ಧ ಕೊಡ್ತೀನಿ."

ಎಲ್ಲರೂ ರೆಫರಿಯನ್ನು ನೋಡಿದರು. ಅವನು ತಲೆ ಕೆರೆದುಕೊಂಡ. "ಲಗೇಜ್ ತರಬಾರ್ದು ಅಂತ ಎಲ್ಲೂ ನಿಯಮ ಇಲ್ಲ."

ಉಸೇನು ಟೇಪು ಬಿಚ್ಚಿ, ಇನ್ನೂ ಹೆಗಲ ಮೇಲೇ ಕೂತಿದ್ದ ಭಾವಮೈದನ ಸೊಂಟದ ಸುತ್ತ ಎಟುಕಿಸಿ ಅಳೆದ. ನಿಟ್ಟುಸಿರು ಬಿಟ್ಟ.

"ನಡಿ ಮನೆಗೆ. ನಿಮ್ಮಕ್ಕ ಅನ್ನ-ಮೀನು ಮಾಡಿದಾಳೆ. ಎರಡು ಸಲ ಬಡಿಸ್ಕೋ. ತೂಕ ಇಳಿದ್ರೆ ನಿನ್ನ ಕೆಲಸ ಹೋಗತ್ತೆ."